ಅರ್ಜಿಯೊಳಗಿನ ಮುಳ್ಳು ಎಲ್ಲಿ ಹೋಯ್ತು?

ಕಲಬುರಗಿಯ ತಹಶೀಲ್ದಾರ್ ಕಚೇರಿಗೆ ಹತ್ತಿರದಲ್ಲೇ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನ್, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ಕೊಡುವ ಒಂದು ಫ್ಯಾನು. ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಜನ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಅರ್ಜಿ, ಅಫಿಡವಿಟ್, ಬಾಂಡ್ ಪೇಪರಿನ ಮೇಲಿನ ಕರಾರು, ವಾರಸಾ ಕಾಗದ, ಒಮ್ಮೊಮ್ಮೆ ಮದುವೆ ಪತ್ರಿಕೆ. 15 ವರ್ಷದಿಂದ ಇದೇ ಕೆಲಸ. ಟೈಪಿಂಗ್ ಅಂತ ಬೋರ್ಡಿನ ಮೇಲೆ ಬರೆಸಿದ್ದೇನೆ, ಆದರೆ ನಿಜ ಹೇಳಬೇಕೆಂದರೆ ನಾನು ಮಾಡುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಷಾಂತರ. ಕನ್ನಡದಿಂದ ಕನ್ನಡಕ್ಕೆ.

ಇದು ನನ್ನ ತಲೆಗೆ ಹೊಕ್ಕಿದ್ದು ಹೋದ ವರ್ಷ, ಫರಹತಾಬಾದ್ ಕಡೆಯ ಹಳ್ಳಿಯ ಒಬ್ಬ ಕಾಕಾ ಬಂದಾಗ. ಎಪ್ಪತ್ತರ ಆಸುಪಾಸಿನ ವಯಸ್ಸು, ತಲೆಗೆ ರುಮಾಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಪಹಣಿ. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಹೇಳಲು ಶುರು ಮಾಡಿದರು:

"ನೋಡು ತಮ್ಮಾ, ನಮ್ಮ ಹೊಲಕ್ಕ ಹೋಗೋ ದಾರಿ ಅದ. ನಮ್ಮಪ್ಪನ ಕಾಲದಿಂದ ಅದೇ ದಾರಿ. ಈಗ ಬಾಜೂ ಹೊಲದಾಂವ ಅದಕ್ಕ ಜಾಲಿಮುಳ್ಳು ಬಡದು ಬಂದ್ ಮಾಡ್ಯಾನ. ಎತ್ತು ಹೋಗಂಗಿಲ್ಲ, ಬಂಡಿ ಹೋಗಂಗಿಲ್ಲ. ಕೇಳ್ಲಾಕ ಹೋದ್ರ ಮೈಮ್ಯಾಲ ಬರ್ತಾನ. ತೊಗರಿ ರಾಶಿ ಮಾಡೋ ಟೈಮ್ ಬಂದದ. ನಾ ಏನ್ ಹಾರಿ ಹೋಗ್ಲೇನು?"

ನನ್ನ ಬೆರಳು ತಾನಾಗಿಯೇ ಓಡಿತು. 15 ವರ್ಷದ ಅಭ್ಯಾಸ, ಕೇಳಬೇಕೇ. ಸ್ಕ್ರೀನ್ ಮೇಲೆ ಬಂದದ್ದು ಇದು: "ಸದರಿ ಜಮೀನಿಗೆ ಹೋಗಿ ಬರುವ ದಾರಿಯನ್ನು ಎದುರುದಾರರು ಅಕ್ರಮವಾಗಿ ಬಂದ್ ಮಾಡಿರುತ್ತಾರೆ. ಇದರಿಂದ ಅರ್ಜಿದಾರನಿಗೆ ತುಂಬಲಾರದ ನಷ್ಟ ಉಂಟಾಗಿರುತ್ತದೆ. ಕಾರಣ ಮಾನ್ಯರವರು ದಯಾಳುಗಳಾಗಿ ಸ್ಥಳ ಪರಿಶೀಲನೆ ಮಾಡಿ ದಾರಿಯನ್ನು ಬಿಡಿಸಿಕೊಡಬೇಕಾಗಿ ವಿನಂತಿ."

ಪ್ರಿಂಟ್ ತೆಗೆದು ಓದಿ ಹೇಳಿದೆ. ಕಾಕಾ ಪೂರ್ತಿ ಕೇಳಿಸಿಕೊಂಡರು. ತಲೆ ಅಲ್ಲಾಡಿಸಿದರು. ಆಮೇಲೆ, "ಭಾಳ ಚೊಲೋ ಬರ್ದಿ ತಮ್ಮಾ. ಆದ್ರ ಇದ್ರಾಗ ಮುಳ್ಳು ಎಲ್ಲಿ ಅದ?" ಅಂದರು.

ಮುಳ್ಳು ಇರಲಿಲ್ಲ. ಎತ್ತೂ ಇರಲಿಲ್ಲ, ಬಂಡಿಯೂ ಇರಲಿಲ್ಲ, ತೊಗರಿಯೂ ಇರಲಿಲ್ಲ. 'ಹಾರಿ ಹೋಗ್ಲೇನು' ಅನ್ನೋದಂತೂ ದೂರದ ಮಾತು. ನಾನು ನಕ್ಕೆ. "ಕಾಕಾ, ಆಫೀಸಿನಾಗ ಹಿಂಗೇ ಬರೀಬೇಕ್ರಿ" ಅಂದೆ. ಅವರೂ ನಕ್ಕರು, ಹೆಬ್ಬೆಟ್ಟು ಒತ್ತಿ ಹೋದರು. ನನಗೆ ಮಾತ್ರ ಆ ಮುಳ್ಳು ಒಳಗೇ ಉಳಿಯಿತು.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಸರಳವಾಗಿತ್ತು. ಕನ್ನಡ ಅಂದರೆ ಭಾಷೆ, ನಾವು ಮನೆಯಲ್ಲಿ ಆಡುವುದು ಉಪಭಾಷೆ. ಮೈಸೂರು ಕನ್ನಡ, ಧಾರವಾಡ ಕನ್ನಡ, ಮಂಗಳೂರು ಕನ್ನಡ, ಕಲಬುರಗಿ ಕನ್ನಡ ಅಂತ ನಾಲ್ಕು ಭಾಗ ಮಾಡಿ ನೋಟ್ಸ್ ಬರೆಸಿದ್ದರು, ಪರೀಕ್ಷೆಗೆ ಬರುತ್ತದೆ ಅಂತ. ಈ 'ಉಪ' ಅನ್ನೋ ಎರಡಕ್ಷರದ ಮೇಲೆ ನನಗೆ ಆವಾಗಿನಿಂದಲೂ ಸಿಟ್ಟು. ಕಚೇರಿಯ ಮುಂದೆ ಅಂಗಡಿ ಇಟ್ಟವನಿಗೆ ಉಪ ತಹಶೀಲ್ದಾರ್ ಅಂದರೆ ಏನು, ತಹಶೀಲ್ದಾರ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಉಪ ಅಂದರೆ ಕೆಳಗಿನ ಕುರ್ಚಿ. ಮೇಲಿನವರ ಮಾತು ಕೇಳುವ ಕುರ್ಚಿ. ಆದರೆ ನಮ್ಮ ಮಾತು ಯಾವ ಸಾಹೇಬರ ಕೈಕೆಳಗೆ ಇತ್ತು? ಮೊದಲು ಪುಸ್ತಕದ ಕನ್ನಡ ಇತ್ತು, ಅದನ್ನು ಕೆಡಿಸಿ ಕೆಡಿಸಿ ನಾವು ನಮ್ಮದು ಮಾಡಿಕೊಂಡೆವು ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ.

ನನ್ನ ಅಣ್ಣನ ಮಗಳು ಐದನೇ ಕ್ಲಾಸು. ಅವಳ ನೋಟ್‌ಬುಕ್ಕಿನಲ್ಲಿ 'ಮನಿ' ಅಂತ ಬರೆದದ್ದಕ್ಕೆ ಕೆಂಪು ಗೆರೆ, 'ಎಲಿ' ಅಂತ ಬರೆದದ್ದಕ್ಕೆ ಕೆಂಪು ಗೆರೆ, ಕೆಳಗೆ 'ಶುದ್ಧ ಕನ್ನಡ ಬರೆಯಿರಿ' ಅಂತ ಒಂದು ಸಾಲು. ಟೀಚರ್ ತಪ್ಪು ಅಂತ ನಾನು ಹೇಳಲ್ಲ, ಬರೆಯುವ ಕನ್ನಡ ಒಂದು ಇರಬೇಕು, ಇಲ್ಲದಿದ್ದರೆ ಚಾಮರಾಜನಗರದವರು ಬರೆದದ್ದನ್ನು ಔರಾದದವರು ಓದುವುದು ಹೇಗೆ. ನನ್ನ ತಕರಾರು 'ಶುದ್ಧ' ಅನ್ನೋ ಪದದ ಮೇಲೆ. ಹಾಗಾದರೆ ಮಗು ಮನೆಯಲ್ಲಿ ಆಡುವುದು ಏನು, ಹೊಲಸಾ?

ಅವತ್ತು ರಾತ್ರಿ ಆ ಹುಡುಗಿಯ ಜೊತೆ ಕೂತು ಒಂದು ಆಟ ಆಡಿದೆ. ಪುಸ್ತಕದ ಪದ ನಾನು ಹೇಳುವುದು, ಮನೆಯ ಪದ ಅವಳು ಹೇಳುವುದು. ಬೇಡ ಅಂದೆ, ಬ್ಯಾಡ ಅಂದಳು. ಮೇಲೆ, ಮ್ಯಾಲ. ಪೇಟೆ, ಪ್ಯಾಟಿ. ಬೇಳೆ, ಬ್ಯಾಳಿ. ಸರಿ, ಬೇಲಿ? ಅವಳು 'ಬೇಲಿ' ಅಂದಳು. 'ಬ್ಯಾಲಿ' ಯಾಕಲ್ಲ ಅಂದರೆ ಬಿದ್ದು ಬಿದ್ದು ನಕ್ಕಳು, ಹಂಗ್ ಯಾರ್ ಅಂತಾರ ಕಾಕಾ ಅಂತ. ಜೋಳ ಅಂದರೆ ಜ್ವಾಳ, ತೋಟ ಅಂದರೆ ತ್ವಾಟ, ಕೋಣ ಅಂದರೆ ಕ್ವಾಣ. ಆದರೆ ಕೋಳಿ ಮಾತ್ರ ಕೋಳಿಯೇ. ಬೇರು ಕೂಡ ಬೇರು ಅಂತಲೇ.

ಇದನ್ನು ಸ್ವಲ್ಪ ಹಿಡಿದು ನೋಡಿ, ಮಜಾ ಇದೆ. ಪದದ ಕೊನೆಯಲ್ಲಿ ಇ ಅಥವಾ ಉ ಇದ್ದರೆ ಮೊದಲಿನ ಏ, ಓ ಅಲ್ಲಾಡುವುದಿಲ್ಲ. ಬೇಲಿ, ಕೋಳಿ, ಬೇರು. ಕೊನೆಯಲ್ಲಿ ಅ ಅಥವಾ ಎ ಇದ್ದರೆ ಏ ಹೋಗಿ ಯಾ ಆಗುತ್ತದೆ, ಓ ಹೋಗಿ ವಾ ಆಗುತ್ತದೆ. ಬೇಳೆಯ ಕೊನೆಯ ಎ ನಮ್ಮ ಬಾಯಲ್ಲಿ ಇ ಆಗಿ ಬ್ಯಾಳಿ ಆದರೂ, ಅದು ಮೊದಲು ಎ ಆಗಿತ್ತು ಅನ್ನೋದು ನಮ್ಮ ನಾಲಿಗೆಗೆ ನೆನಪಿದೆ. ಅದಕ್ಕೇ ಬೇಲಿ ಬೇರೆ, ಬ್ಯಾಳಿ ಬೇರೆ. ಇನ್ನೊಂದು. ಮನೆ, ತಲೆ, ಎಲೆ ಎಲ್ಲ ಮನಿ, ತಲಿ, ಎಲಿ ಆಗುತ್ತವೆ. ಆದರೆ ಬರ್ತಾನೆ ಅನ್ನೋದು 'ಬರ್ತಾನಿ' ಆಗಲ್ಲ, 'ಬರ್ತಾನ' ಆಗುತ್ತದೆ. ಹೆಸರುಗಳಿಗೆ ಒಂದು ಕಾನೂನು, ಕ್ರಿಯಾಪದಕ್ಕೆ ಇನ್ನೊಂದು. ಐದನೇ ಕ್ಲಾಸಿನ ಹುಡುಗಿಗೆ ಇದನ್ನು ಯಾರೂ ಕಲಿಸಿಲ್ಲ. ಒಂದೂ ತಪ್ಪಿಲ್ಲದೆ ಹೇಳಿದಳು. ವ್ಯಾಕರಣ ಇಲ್ಲದ ಮಾತು ಅಂತಾರಲ್ಲ, ಅವರಿಗೆ ಈ ಕೋಳಿಯನ್ನು ತೋರಿಸಬೇಕು.

'ಮಾಡ್ಲತ್ತೀನಿ' ಅನ್ನೋದನ್ನೂ ನೋಡಿ. ಬೆಂಗಳೂರಿನಲ್ಲಿ ಇದನ್ನು ಕೇಳಿ ನಗುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮಾಡಲಿಕ್ಕೆ ಹತ್ತೀನಿ, ಮಾಡ್ಲಿಕ್ಕತ್ತೀನಿ, ಮಾಡ್ಲಾಕತ್ತೀನಿ, ಮಾಡ್ಲತ್ತೀನಿ. ಕೆಲಸಕ್ಕೆ ಹತ್ತಿದ್ದೇನೆ ಅಂತ ಅರ್ಥ. ಪುಸ್ತಕದ 'ಮಾಡುತ್ತಿದ್ದೇನೆ' ಕೂಡ 'ಮಾಡುತ್ತಾ ಇದ್ದೇನೆ' ಅನ್ನೋದು ಕೂಡಿಕೊಂಡು ಆದದ್ದೇ. ಇಬ್ಬರೂ ಎರಡು ಪದವನ್ನು ಒತ್ತಿ ಒಂದು ಮಾಡಿದ್ದೇವೆ. ಅವರು 'ಇರು' ಹಿಡಿದರು, ನಾವು 'ಹತ್ತು' ಹಿಡಿದೆವು. ಅವರದ್ದು ಅಚ್ಚಾಯಿತು, ನಮ್ಮದು ಆಗಲಿಲ್ಲ, ಅಷ್ಟೇ ಫರಕು.

ಮತ್ತೆ ಈ 'ಅವರದ್ದು' ಅಂತ ನಾನು ಅನ್ನುವುದೂ ಪೂರ್ತಿ ಸರಿಯಲ್ಲ. ಮಂಡ್ಯದ ರೈತ ಮನೆಯಲ್ಲಿ 'ಮಾಡುತ್ತಿದ್ದೇನೆ' ಅಂತಾನಾ? ಅವನೂ ಮಾಡ್ತಾವ್ನೆ, ಐತೆ, ಬಂದವ್ರೆ ಅಂತಲೇ ಅನ್ನೋದು. ನನ್ನ ಅರ್ಜಿಯ 'ಮಾಡಿರುತ್ತಾರೆ' ಅಂತೂ ಯಾವ ತಾಯಿಯೂ ಯಾವ ಮಗುವಿಗೂ ಆಡಿದ ಮಾತಲ್ಲ. 'ಊಟ ಮಾಡಿರುತ್ತೀಯಾ ಮಗನೇ' ಅಂತ ಕೇಳಿದರೆ ಮಗು ಹೆದರಿ ಅಳುತ್ತದೆ. ಯಾರ ಮನೆಯದೂ ಅಲ್ಲದ ಕನ್ನಡವೇ ಎಲ್ಲರಿಗಿಂತ ಮೇಲಿನ ಕನ್ನಡ ಆಗಿ ಕೂತಿದೆ.

ಭಾಷೆ ಯಾವುದು, ಉಪಭಾಷೆ ಯಾವುದು ಅಂತ ತಿಳಿಯಲು ಓದಿದವರು ಒಂದು ಪರೀಕ್ಷೆ ಹೇಳುತ್ತಾರೆ. ಇಬ್ಬರು ತಮ್ಮ ತಮ್ಮ ಮಾತು ಆಡಿದರೆ ಒಬ್ಬರಿಗೊಬ್ಬರಿಗೆ ಅರ್ಥ ಆಗಬೇಕು. ಅರ್ಥ ಆದರೆ ಒಂದೇ ಭಾಷೆ, ಆಗದಿದ್ದರೆ ಎರಡು. ಕೇಳಲು ಬರೋಬ್ಬರಿ ಇದೆ. ಹಚ್ಚಲು ಹೋದರೆ ಎಲ್ಲ ಕಡೆ ಜಾರುತ್ತದೆ. ಕಲಬುರಗಿಯಿಂದ ವಿಜಯಪುರ, ಅಲ್ಲಿಂದ ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಮೈಸೂರು ಅಂತ ಊರೂರು ನಡೆದುಕೊಂಡು ಹೋದರೆ ಯಾವ ಊರಿನವರಿಗೂ ಪಕ್ಕದ ಊರಿನ ಮಾತು ತಿಳಿಯದೇ ಇರಲ್ಲ. ಆದರೆ ಈ ತುದಿಯ ನಮ್ಮ ಆಯಿಯನ್ನೂ ಆ ತುದಿಯ ಅಜ್ಜಿಯನ್ನೂ ಎದುರು ಬದುರು ಕೂರಿಸಿ. ನಮ್ಮ ಆಯಿ 'ಬ್ಯಾನಿ ಆಗ್ಲತ್ತದ' ಅಂದರೆ ಅವರಿಗೆ ನೋವು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕು. ಗೆರೆ ಎಲ್ಲಿ ಎಳೀತೀರಿ?

ಹೊರಗಿನ ಕಥೆ ಇನ್ನೂ ಮಜಾ. ಯುಗೊಸ್ಲಾವಿಯ ಅಂತ ಒಂದು ದೇಶ ಇತ್ತು, ಅಲ್ಲಿ ಸರ್ಬೋ-ಕ್ರೊಯೇಷಿಯನ್ ಅಂತ ಒಂದು ಭಾಷೆ ಇತ್ತು. 1991ರಿಂದ ದೇಶ ಒಡೆಯಿತು. ಈಗ ಅದೇ ಮಾತು ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮಾಂಟೆನೆಗ್ರಿನ್ ಅಂತ ನಾಲ್ಕು ಭಾಷೆ. ಜನರ ನಾಲಿಗೆ ಬದಲಾಗಲಿಲ್ಲ, ನಕ್ಷೆ ಬದಲಾಯಿತು. ಚೀನಾದಲ್ಲಿ ಉಲ್ಟಾ. ಬೀಜಿಂಗ್‌ನವರ ಮಾತು ಮತ್ತು ಕ್ಯಾಂಟನ್‌ನವರ ಮಾತು ಒಬ್ಬರದು ಒಬ್ಬರಿಗೆ ತಿಳಿಯಲ್ಲ, ಆದರೂ ಎರಡೂ ಚೀನೀ ಭಾಷೆಯ ಬಗೆಗಳು ಅಂತಲೇ ಲೆಕ್ಕ. ನಮ್ಮಲ್ಲೇ ಕೊಂಕಣಿಯನ್ನು ಮರಾಠಿಯ ಉಪಭಾಷೆ ಅಂತ ಎಷ್ಟು ವರ್ಷ ಜಗಳ ಆಡಿದರು. 1975ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಸ್ವತಂತ್ರ ಭಾಷೆ ಅಂತ ಒಪ್ಪಿತು, 1992ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು. ಅದರ ಹಿಂದಿನ ದಿನ ಕೊಂಕಣಿ ಆಡುತ್ತಿದ್ದವರು ಮರುದಿನ ಬೇರೆ ಏನೋ ಆಡಲಿಲ್ಲ.

ಇದಕ್ಕೆಲ್ಲ ಸೇರಿಸಿ ಒಂದು ಮಾತಿದೆ. ಮ್ಯಾಕ್ಸ್ ವೈನ್‌ರೈಖ್ ಅಂತ ಯಿಡ್ಡಿಷ್ ಭಾಷೆಯ ವಿದ್ವಾಂಸ. ಯಿಡ್ಡಿಷ್ ಅಂದರೆ ಯುರೋಪಿನ ಯಹೂದಿಗಳ ಮಾತು, ಅದನ್ನೂ 'ಕೆಟ್ಟ ಜರ್ಮನ್' ಅಂತ ಹೀಯಾಳಿಸುತ್ತಿದ್ದರು. 1945ರಲ್ಲಿ ಆತ ಅಚ್ಚು ಮಾಡಿದ ಮಾತು ಇದು: ಸೈನ್ಯ ಮತ್ತು ನೌಕಾದಳ ಇರುವ ಉಪಭಾಷೆಯೇ ಭಾಷೆ. ತಮಾಷೆ ಅಂದರೆ ಅದು ಆತನ ಸ್ವಂತದ್ದೂ ಅಲ್ಲ, ಆತನ ಉಪನ್ಯಾಸ ಕೇಳಲು ಬಂದಿದ್ದ ಒಬ್ಬ ಶಾಲಾ ಮಾಸ್ತರು ಹೇಳಿದ್ದಂತೆ. ಆ ಮಾಸ್ತರರ ಹೆಸರು ಉಳಿಯಲಿಲ್ಲ. ಮಾತು ಹೇಳಿದವರು ಒಬ್ಬರು, ಬರೆದವರ ಹೆಸರಿಗೆ ಹೋಯಿತು. ನಮ್ಮ ಕಾಕಾನ ಮುಳ್ಳಿನ ಹಾಗೆ.

ಕಲಬುರಗಿಯ ಮಟ್ಟಿಗೆ ನಾನು ಅದನ್ನು ಸ್ವಲ್ಪ ತಿದ್ದುತ್ತೇನೆ. ಸೈನ್ಯದವರೆಗೆ ಹೋಗಬೇಕಾಗಿಲ್ಲ, ಸೀಲು ಮತ್ತು ಸಹಿ ಸಾಕು. ಯಾವ ಮಾತಿನಲ್ಲಿ ಬರೆದರೆ ಆಫೀಸಿನಲ್ಲಿ ಸೀಲು ಒತ್ತುತ್ತಾರೋ ಅದು ಭಾಷೆ. ಮಿಕ್ಕದ್ದು ಮನೆ ಮಾತು.

ಇದು ನಮ್ಮ ಭಾಗದವರಿಗೆ ಜಾಸ್ತಿ ಚೆನ್ನಾಗಿ ಗೊತ್ತು, ಯಾಕಂದರೆ ಇಲ್ಲಿ ಸೀಲಿನ ಭಾಷೆ ಒಂದೇ ತಲೆಮಾರಿನಲ್ಲಿ ಬದಲಾಗಿದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ರಾಜ್ಯದಲ್ಲಿ ಇದ್ದೆವು. ಕಚೇರಿ ಉರ್ದು, ಕೋರ್ಟು ಉರ್ದು, ಹೊಲದ ಕಾಗದ ಉರ್ದು. ಕನ್ನಡ ಅನ್ನೋ ಕನ್ನಡವೇ, ಮೈಸೂರಿನದೂ ಸೇರಿ, ಇಲ್ಲಿ ಬರೀ ಮನೆ ಮಾತು. ನಮ್ಮ ಮುತ್ಯಾ ಶಾಲೆ ಮೆಟ್ಟಿಲು ಹತ್ತಿದವನಲ್ಲ. ಹೊಲದ ಕಾಗದ ಬಂದರೆ ಉರ್ದು ಬಲ್ಲವರೊಬ್ಬರ ಮನೆಗೆ ಹೋಗಿ ಓದಿಸಿಕೊಂಡು ಬರುತ್ತಿದ್ದನಂತೆ, ಹೋಗುವಾಗ ಒಂದು ಗಂಟು ಶೇಂಗಾ ಒಯ್ಯುತ್ತಿದ್ದನಂತೆ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ಕಾಗದ ಕನ್ನಡದಲ್ಲಿ ಬರುತ್ತದೆ ಅಂತ ಮುತ್ಯಾ ಖುಷಿಪಟ್ಟ. ಬಂತು. ಓದಿಸಿ ಕೇಳಿದ. ಅರ್ಧ ತಿಳಿಯಲಿಲ್ಲ. ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದ: "ಮದ್ಲ ಉರ್ದು ಬರಲಾರ್ದಾಂವ ದಡ್ಡ. ಆಮ್ಯಾಲ ಮೈಸೂರ ಕನ್ನಡ ಬರಲಾರ್ದಾಂವ ದಡ್ಡ. ಈಗ ಇಂಗ್ಲಿಷ್ ಬರಲಾರ್ದಾಂವ ದಡ್ಡ. ನಾ ಮೂರೂ ಸಲ ದಡ್ಡ ಆದೆ ನೋಡು."

ಈಗಲೂ ನನ್ನ ಅಂಗಡಿಗೆ ಹಳೇ ಉರ್ದು ಕಾಗದ ಬರುತ್ತವೆ. ಮಡಿಕೆ ಮಡಿಕೆಗೂ ಹರಿದಿರುತ್ತವೆ. ನಾನು ಅವನ್ನು ಪಕ್ಕದ ಅಂಗಡಿಯ ಭಾಯಿಯ ಕಡೆ ಕಳಿಸುತ್ತೇನೆ, ಅವರು ಓದಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಟೈಪ್ ಮಾಡುತ್ತೇನೆ.

ಆ ಭಾಯಿಯದೂ ಇದೇ ಗೋಳು. ಅವರ ಮನೆ ಮಾತು ದಖನಿ, ಅಂದರೆ ಈ ಕಡೆಯ ಉರ್ದು. ಬೇಡ ಅನ್ನಲು 'ನಕ್ಕೋ', ಹೌದು ಅನ್ನಲು 'ಹೌ', ಯಾಕೆ ಅನ್ನಲು 'ಕೈಕು'. ಅವರ ಮಗಳನ್ನು ಲಖನೌ ಕಡೆಯವರಿಗೆ ಕೊಟ್ಟಿದ್ದಾರೆ. ಬೀಗರು ಮನೆಗೆ ಬಂದಾಗ ಇವರ ಮಾತು ಕೇಳಿ ಮುಗುಳ್ನಕ್ಕರಂತೆ, 'ನಿಮ್ಮ ಉರ್ದು ಬಹಳ ತಮಾಷೆಯಾಗಿದೆ' ಅಂತ. ಭಾಯಿ ನನ್ನೆದುರು ಚಾ ಕಪ್ಪು ಕುಕ್ಕಿ ಇಟ್ಟು ಸಿಟ್ಟು ತೋರಿಸಿದರು. ಸಿಟ್ಟು ಬರಬೇಕಾದದ್ದೇ. ನಮ್ಮೂರ ದರ್ಗಾದ ಸೂಫಿ ಸಂತ ಬಂದೇ ನವಾಜರು ದೆಹಲಿ ಬಿಟ್ಟು ಇಲ್ಲಿಗೆ ಬಂದದ್ದು 1400ರ ಆಸುಪಾಸು, ತೀರಿಹೋದದ್ದು 1422ರಲ್ಲಿ. ಅದೇ ಶತಮಾನದಲ್ಲಿ ಬೀದರ್‌ನ ಬಹಮನಿ ಆಸ್ಥಾನದಲ್ಲಿ ನಿಜಾಮಿ ಅನ್ನೋ ಕವಿ ದಖನಿಯಲ್ಲಿ ದೊಡ್ಡ ಕಾವ್ಯವನ್ನೇ ಬರೆದ. ದೆಹಲಿಯ ಕವಿಗಳು ಆಗಿನ್ನೂ ಫಾರಸಿಯನ್ನೇ ಹಿಡಿದು ಕೂತಿದ್ದರು. ದಕ್ಷಿಣದ ಕವಿ ವಲಿ 1700ರಲ್ಲಿ ದೆಹಲಿಗೆ ಹೋಗಿ ತನ್ನ ಪದ್ಯ ಕೇಳಿಸಿದ ಮೇಲೆ, ಅರೆ, ನಮ್ಮ ಆಡುಮಾತಿನಲ್ಲೂ ಹೀಗೆ ಬರೆಯಬಹುದಾ ಅಂತ ಅವರಿಗೆ ಹುರುಪು ಬಂತು. ಅಂದರೆ ಅಣ್ಣ ಯಾರು, ತಮ್ಮ ಯಾರು? ಆದರೂ ಇವತ್ತು ದಖನಿ ಅಂದರೆ ಸಿನಿಮಾದಲ್ಲಿ ನಗಿಸುವ ಪಾತ್ರದ ಮಾತು. ಕಲಬುರಗಿ ಕನ್ನಡವೂ ಅಷ್ಟೇ ಅಲ್ವಾ. ಹೀರೋ ಯಾವತ್ತಾದರೂ 'ಎಲ್ಲಿ ಹೊಂಟಿ' ಅಂದದ್ದು ಕೇಳಿದ್ದೀರಾ? ಅಪರೂಪ. ವಿಲನ್ನಿನ ಕೈಕೆಳಗಿನವನು ಅಂತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಡೆ ಹೋಗಿ ಬಂದದ್ದು ಹೇಳಬೇಕು. ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಮಳಖೇಡ. ಕಾಗಿಣಾ ನದಿಯ ದಂಡೆ, ಮುರಿದ ಕೋಟೆ, ಹತ್ತಿರದಲ್ಲೇ ಸಿಮೆಂಟ್ ಫ್ಯಾಕ್ಟರಿ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಈ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರಲ್ಲ, ಅದು ಅದರಲ್ಲೇ ಇರುವುದು. ನವೆಂಬರ್ 1ಕ್ಕೆ ನಮ್ಮ ಊರಿನಲ್ಲೂ ಎದೆ ಉಬ್ಬಿಸಿ ಹೇಳುತ್ತಾರೆ, ಕನ್ನಡದ ಮೊದಲ ಗ್ರಂಥ ನಮ್ಮ ಜಿಲ್ಲೆಯದು ಅಂತ. ನಾನೂ ಹೇಳುತ್ತಿದ್ದೆ.

ಮುಂದೆ ಓದಿದರೆ ಸ್ವಲ್ಪ ಕಸಿವಿಸಿ ಆಗುತ್ತದೆ. ಕನ್ನಡದ ತಿರುಳು ಇರುವುದು ಎಲ್ಲಿ ಅಂತ ಆ ಗ್ರಂಥ ಊರುಗಳ ಹೆಸರು ಹೇಳುತ್ತದೆ. ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಆಮೇಲೆ ಒಕ್ಕುಂದ. ಮಾನ್ಯಖೇಟ ಆ ಪಟ್ಟಿಯಲ್ಲಿ ಇಲ್ಲ! ರಾಜಧಾನಿಯಲ್ಲೇ ಕೂತು ಬರೆದವರು, ಒಳ್ಳೆಯ ಕನ್ನಡ ಇಲ್ಲಿಯದಲ್ಲ, ಅಲ್ಲಿಯದು ಅಂದರು. 1,170 ವರ್ಷದ ಹಿಂದೆಯೇ ಕಲಬುರಗಿಯವನಿಗೆ ಕೆಂಪು ಗೆರೆ ಬಿದ್ದಿತ್ತು ನೋಡಿ. ಆದರೆ ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಯಾರೂ ಭಾಷಣದಲ್ಲಿ ಹೇಳಲ್ಲ. 'ಕನ್ನಡಂಗಳ್' ಅಂತ ಬಹುವಚನದಲ್ಲಿ ಬರೆಯುತ್ತದೆ. ದೇಸಿ, ಅಂದರೆ ಆಯಾ ಕಡೆಯ ಆಡುಮಾತು, ಒಂದೊಂದು ಕಡೆ ಬೇರೆ ಬೇರೆ, ಇವುಗಳಲ್ಲಿ ಇದು ತಪ್ಪು ಅಂತ ಎಣಿಸಿ ಹೇಳಲು ಹೋದರೆ ವಾಸುಕಿಗೂ ಬೇಸರ ಬಂದೀತು ಅನ್ನುತ್ತದೆ. ವಾಸುಕಿಗೇ ಆಗದ್ದನ್ನು ನಮ್ಮ ಟೀಚರ್ ಕೆಂಪು ಪೆನ್ನು ಹಿಡಿದು ಮಾಡುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ನನ್ನದೇ ಒಂದು ಹೊಲಸು ಕೆಲಸ ಹೇಳದಿದ್ದರೆ ಬರೆದದ್ದು ಅರ್ಧ ಆಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಒಂದು ದಿನ ತಾಂಡಾದ ಹುಡುಗ ಒಬ್ಬ ಬಂದ, ಡಿಗ್ರಿ ಮುಗಿಸಿದವನು, ಯಾವುದೋ ಆನ್‌ಲೈನ್ ಫಾರ್ಮ್ ತುಂಬಿಸಲು. ಜೊತೆಯಲ್ಲಿ ಅವನ ತಾಯಿ, ಬಾಗಿಲ ಹತ್ತಿರ ನಿಂತಿದ್ದರು. ಮಾತೃಭಾಷೆ ಅನ್ನೋ ಕಾಲಂ ಬಂತು. ನಾನು ಕೇಳದೇ 'ಕನ್ನಡ' ಒತ್ತಿದೆ.

"ಅಣ್ಣಾ, ಕನ್ನಡ ಅಲ್ರಿ. ಗೋರ್ ಬೋಲಿ." ಲಂಬಾಣಿಗಳು ತಮ್ಮ ಮಾತಿಗೆ ಹಾಗೆ ಅಂತಾರೆ; ಬೋಲಿ ಅಂದರೆ ಆಡುಮಾತು.

"ಅದು ಲಿಸ್ಟಿನಾಗ ಇಲ್ಲಪ್ಪ."

"ಹಂಗಾರ ಇತರೆ ಅಂತ ಹಾಕ್ರಿ."

ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. "ಅದು ಭಾಷೆ ಅಲ್ಲಲ್ಲೋ, ಬೋಲಿ. ಹೆಸರಿನಾಗೇ ಅದ. ಲಿಪಿ ಸೈತ ಇಲ್ಲ" ಅಂದುಬಿಟ್ಟೆ. ಹುಡುಗ ನನ್ನ ಮುಖ ನೋಡಿದ. ಜಗಳ ಮಾಡಲಿಲ್ಲ. ಹಿಂದೆ ತಿರುಗಿ "ಯಾಡಿ" ಅಂತ ತಾಯಿಯನ್ನು ಕರೆದು ಏನೋ ಹೇಳಿದ. ನಾನು ಕಿವಿಗೊಟ್ಟು ಕೇಳಿದೆ. ಹುಟ್ಟಿದಾಗಿನಿಂದ ಪಕ್ಕದ ತಾಂಡಾ ನೋಡುತ್ತಾ ಬೆಳೆದವನು ನಾನು, ಯಾಡಿ ಅಂದರೆ ತಾಯಿ ಅಂತ ಒಂದು ಪದ ಬಿಟ್ಟರೆ ಮಿಕ್ಕ ಒಂದಕ್ಷರ ತಿಳಿಯಲಿಲ್ಲ. ತಾಯಿ ನಕ್ಕರು. ನನ್ನ ಮೇಲೆಯೇ ಇರಬೇಕು.

ಆ ರಾತ್ರಿ ಸುಮ್ನೆ ಜನಗಣತಿಯ ಭಾಷೆಯ ಪಟ್ಟಿ ತೆಗೆದು ನೋಡಿದೆ. 2011ರದ್ದು. ಜನ ತಮ್ಮ ತಾಯಿನುಡಿ ಅಂತ ಬರೆಸಿದ ಹೆಸರುಗಳು 19,569. ಅವನ್ನು ಜರಡಿ ಹಿಡಿದು, 10,000ಕ್ಕಿಂತ ಜಾಸ್ತಿ ಜನ ಆಡುವ 270 ತಾಯಿನುಡಿ ಅಂತ ಇಟ್ಟು, ಅವನ್ನೂ ಗುಂಪು ಮಾಡಿ 121 ಭಾಷೆ ಅಂತ ಕಟ್ಟಿದ್ದಾರೆ. ಎಂಟನೇ ಅನುಸೂಚಿಯಲ್ಲಿ ಇರುವುದು 22. ಇದರಲ್ಲಿ ಲಂಬಾಣಿ ಎಲ್ಲಿದೆ ಅಂತ ಹುಡುಕಿದೆ. ಹಿಂದಿಯ ಕೆಳಗೆ ಇತ್ತು. ಲಮಾಣಿ ಅಥವಾ ಲಂಬಾಡಿ ಅಂತ ಬರೆಸಿದವರು ಸುಮಾರು 32.76 ಲಕ್ಷ ಜನ, ಬಂಜಾರಿ ಅಂತ ಬರೆಸಿದವರು ಇನ್ನೂ 15 ಲಕ್ಷದ ಮೇಲೆ. ಎಲ್ಲ ಹಿಂದಿಯ ಲೆಕ್ಕಕ್ಕೆ ಜಮಾ. 5 ಕೋಟಿ ಜನರ ಭೋಜ್‌ಪುರಿಯೂ ಅಲ್ಲೇ. ತಾಂಡಾದ ಆ ತಾಯಿಗೆ ಹಿಂದಿ ಎಷ್ಟು ಬರುತ್ತದೋ, ಆದರೆ ದೆಹಲಿಯ ಲೆಕ್ಕದಲ್ಲಿ ಅವರು ಹಿಂದಿಯವರು. ಅದೇ ಪಟ್ಟಿಯಲ್ಲಿ ಸಂಸ್ಕೃತಕ್ಕೆ 24,821 ಜನ, ಅದಕ್ಕೆ ಅನುಸೂಚಿಯಲ್ಲಿ ತನ್ನದೇ ಕುರ್ಚಿ. ತುಳುವಿಗೆ 18 ಲಕ್ಷದ ಮೇಲೆ ಜನ, ಕುರ್ಚಿ ಇಲ್ಲ. ಕನ್ನಡದ ಕೆಳಗೆ ನೋಡಿದೆ, ನೀಲಗಿರಿಯ ಬಡಗರು ಸಿಕ್ಕರು, 1.3 ಲಕ್ಷದ ಮೇಲೆ. ಅವರ ಬಡಗ ಬೇರೆ ಭಾಷೆ ಅನ್ನುವವರೂ ಇದ್ದಾರೆ. ಆದರೆ ನಮ್ಮ ಲೆಕ್ಕ ದೊಡ್ಡದಾಗುವುದು ಯಾರಿಗೆ ಬೇಡ?

ಲಿಪಿ ಇಲ್ಲ ಅಂದಿದ್ದೆನಲ್ಲ, ಅದಕ್ಕೂ ನಾಚಿಕೆ ಆಯಿತು. ಹಿಂದಿಗೆ ಲಿಪಿ ದೇವನಾಗರಿ, ಮರಾಠಿಗೂ ಅದೇ, ನೇಪಾಳಿಗೂ ಅದೇ. ಇಂಗ್ಲಿಷಿಗೆ ರೋಮನ್ನರದು. ಯಾರೂ ಅವರನ್ನು ಬೋಲಿ ಅಂದಿಲ್ಲ. ಬೇರೆಯವರ ಅಂಗಿ ಹಾಕಿಕೊಂಡರೆ ಆಳು ಬದಲಾಗಲ್ಲ. ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಇದ್ದಾರೆ, ಇಷ್ಟು ದಿನ ನಾನು ನೋಡಿರಲಿಲ್ಲ, ಅಷ್ಟೇ.

ಆ ಹುಡುಗ ಮತ್ತೆ ಬಂದಿಲ್ಲ. ಬೇರೆ ಅಂಗಡಿಗೆ ಹೋಗುತ್ತಿರಬಹುದು. ಬಂದರೆ ಏನು ಹೇಳಬೇಕು ಅಂತ ಎರಡು ಮೂರು ಸಲ ಮನಸ್ಸಿನಲ್ಲೇ ಟೈಪ್ ಮಾಡಿ ಅಳಿಸಿದ್ದೇನೆ.

ಅರ್ಜಿಯ ಕನ್ನಡವನ್ನು ಬಿಡಲು ನನಗೆ ಆಗಲ್ಲ, ಹೊಟ್ಟೆಪಾಡು. ಆಫೀಸಿನವರು 'ಮಾಡ್ಯಾನ' ಅಂತ ಬರೆದರೆ ವಾಪಸ್ ಕಳಿಸುತ್ತಾರೋ ಇಲ್ಲವೋ, ಜನಕ್ಕೇ ಅದು ಇಷ್ಟ ಆಗಲ್ಲ. ಒಬ್ಬ ಹೆಣ್ಣುಮಗಳ ಅರ್ಜಿಯಲ್ಲಿ ಅವಳು ಹೇಳಿದ ಹಾಗೆಯೇ ಒಂದು ಸಾಲು ಬರೆದಿದ್ದೆ. ಓದಿ ಹೇಳಿದರೆ ಸಿಟ್ಟಾದಳು: "ಇದಕ್ಯಾಕ ರೊಕ್ಕ ಕೊಡಬೇಕು, ಇದು ನನಗೂ ಬರ್ತದ. ಆಫೀಸಿನ್ಹಂಗ ಬರಿ." ನ್ಯಾಯವಾದ ಮಾತು. ಅವಳಿಗೆ ಬೇಕಾದದ್ದು ಪಿಂಚಣಿ, ಕಲಬುರಗಿ ಕನ್ನಡದ ಉದ್ಧಾರ ಅಲ್ಲ. ಆದರೆ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಜನ ಹೇಳಿದ ವಸ್ತುಗಳನ್ನು ಬಿಡುವುದಿಲ್ಲ. ಮುಳ್ಳು ಅಂದರೆ ಮುಳ್ಳು ಬರೆಯುತ್ತೇನೆ, ಎತ್ತು ಅಂದರೆ ಎತ್ತು. ವಾಕ್ಯ ಆಫೀಸಿನದು, ಸಾಮಾನು ಅವರದ್ದು. ಆ ಕಾಕಾನ ಅರ್ಜಿಯನ್ನೂ ಅವರು ಹೋದ ಮೇಲೆ ಫೈಲಿನಲ್ಲಿ ತೆರೆದು 'ಜಾಲಿಮುಳ್ಳು ಬಡಿದು' ಅಂತ ಸೇರಿಸಿ ಸೇವ್ ಮಾಡಿ ಇಟ್ಟೆ. ಕೊಟ್ಟ ಅರ್ಜಿ ಕೊಟ್ಟಾಗಿತ್ತು, ಸುಮ್ನೆ ನನ್ನ ಸಮಾಧಾನಕ್ಕೆ.

ಎರಡು ತಿಂಗಳ ಮೇಲೆ ಕಾಕಾ ಮತ್ತೆ ಬಂದರು. ಅದೇ ರುಮಾಲು, ಅದೇ ಪ್ಲಾಸ್ಟಿಕ್ ಚೀಲ. ಒಳಗಿನಿಂದ ಒಂದು ಹಾಳೆ ತೆಗೆದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಆಫೀಸಿನಿಂದ ಬಂದ ಹಿಂಬರಹ, ಕೆಳಗೆ ದುಂಡನೆಯ ಸೀಲು.

"ಏನ್ ಬರ್ದಾರ ನೋಡು ತಮ್ಮಾ. ನಮ್ಮ ಕನ್ನಡದಾಗ ಹೇಳು."

'ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ಸದರಿ ವಿಷಯದ ಕುರಿತು ಸ್ಥಳ ತನಿಖೆ ಕೈಗೊಂಡು ವರದಿ ಸಲ್ಲಿಸುವಂತೆ' ಅಂತ ಶುರುವಾಗಿ ಮೂರು ಸಾಲು ಒಂದೇ ವಾಕ್ಯ ಇತ್ತು. ನಾನು ಎರಡು ಸಲ ಓದಿಕೊಂಡೆ.

"ದಾರಿ ನೋಡ್ಲಾಕ ಮಂದಿ ಬರ್ತಾರಂತ್ರಿ ಕಾಕಾ. ಯಾವಾಗ ಅಂತ ಬರ್ದಿಲ್ಲ."

ಕಾಕಾ ಹಾಳೆಯನ್ನು ಮತ್ತೆ ಚೀಲದೊಳಗೆ ಮಡಚಿಟ್ಟರು. ಹತ್ತು ರೂಪಾಯಿ ತೆಗೆದರು, ಓದಿದ್ದಕ್ಕೆ ನಾನು ತೆಗೆದುಕೊಳ್ಳುವುದಿಲ್ಲ ಅಂದೆ. "ಹಂಗಾರ ಚಾ ಕುಡಿಯೋಣ ನಡಿ" ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಅವರು ಬಂದಾಗ ಮುಳ್ಳು ಅಲ್ಲೇ ಇರ್ಬೇಕೋ, ನಾನೇ ತೆಗೀಲೋ?"